ಮಾರಾಟಕ್ಕಿದೆ, ಆದರೆ ಕೊಡುವುದಿಲ್ಲ

ಮೂರನೇ ಮಹಡಿಯ ತಕ್ಕಡಿ ಸಾಹೇಬರು ಜೀವಮಾನದಲ್ಲಿ ಹೇಳಿದ ಮೊದಲ ದೊಡ್ಡ ಸುಳ್ಳು ಲಿಫ್ಟಿನಲ್ಲಿ ಹುಟ್ಟಿತು. ತಪ್ಪು ಪೂರ್ತಿ ಅವರದಲ್ಲ, ಲಿಫ್ಟಿನದೂ ಸ್ವಲ್ಪ ಇದೆ. ಕರೆಂಟು ಹೋಗಿ ಅದು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತು. ಒಳಗೆ ಸಾಹೇಬರ ಜೊತೆ ಇದ್ದವರು ಕಟ್ಟಡದ ಸಂಘದ ಸೆಕ್ರೆಟರಿ. ಇಬ್ಬರು ಗಂಡಸರು ಅಷ್ಟು ಇಕ್ಕಟ್ಟಿನಲ್ಲಿ ಬಾಯಿ ಮುಚ್ಚಿಕೊಂಡು ನಿಲ್ಲುವುದು ಮರ್ಯಾದೆಯಲ್ಲ, ಹಾಗಾಗಿ ಸೆಕ್ರೆಟರಿ ಕೇಳಿದರು.

"ರಿಟೈರ್ ಆದ್ಮೇಲೆ ಹೊತ್ತು ಹೇಗ್ ಹೋಗತ್ತೆ ಸಾರ್?"

ನಿಜ ಹೇಳಬೇಕೆಂದರೆ ಹೊತ್ತು ಹೋಗುತ್ತಲೇ ಇರಲಿಲ್ಲ. ಪೇಪರನ್ನು ಟೆಂಡರ್ ಪ್ರಕಟಣೆ ಸಮೇತ ಓದಿ ಮುಗಿಸಿ ತಲೆ ಎತ್ತಿದರೆ ಗಡಿಯಾರ ಕೂತಲ್ಲೇ ಕೂತಿರುತ್ತಿತ್ತು. ಆದರೆ ಇದನ್ನೆಲ್ಲ ಸೆಕ್ರೆಟರಿಯ ಮುಂದೆ ಹೇಳಿದರೆ ನಾಳೆ ಇಡೀ ಕಟ್ಟಡ ಅಯ್ಯೋ ಪಾಪ ಎನ್ನುತ್ತದೆ. ಸಾಹೇಬರಿಗೆ ಅಯ್ಯೋ ಪಾಪ ಕಂಡರಾಗದು.

"ಮರಗೆಲಸ" ಎಂದುಬಿಟ್ಟರು.

"ಅಂದ್ರೆ? ನೀವೇ? ಕೈಯಾರೆ?"

"ಮತ್ತೆ? ಮನೇಲೇ ಒಂದು ಸಣ್ಣ ವರ್ಕ್‌ಶಾಪು."

"ಏನೇನ್ ಮಾಡ್ತೀರಿ ಸಾರ್?"

"ಸದ್ಯಕ್ಕೆ ಸ್ಟೂಲು."

ಅಷ್ಟರಲ್ಲಿ ಕರೆಂಟು ಬಂತು. ಒಂದು ನಿಮಿಷ ಮುಂಚೆ ಬಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ತಕ್ಕಡಿ ಸಾಹೇಬರು ಎಂಬುದು ಊರು ಕೊಟ್ಟ ಹೆಸರು. ತೂಕ ಮತ್ತು ಅಳತೆ ಇಲಾಖೆಯಲ್ಲಿ ಸರ್ವೀಸು ಪೂರ್ತಿ ಅಂಗಡಿಯವರ ತಕ್ಕಡಿ ಪರೀಕ್ಷಿಸಿದವರು. ಅವರು ಬೀದಿಯ ಈ ತುದಿಯಲ್ಲಿ ಕಾಣಿಸಿಕೊಂಡರೆ ಆ ತುದಿಯ ಅಂಗಡಿಯವನು ಎದ್ದು ನಿಂತು ಕುರ್ಚಿ ಒರೆಸುತ್ತಿದ್ದ. ಅದನ್ನು ಸಾಹೇಬರು ಬಹಳ ಕಾಲ ಸ್ನೇಹ ಎಂದೇ ತಿಳಿದಿದ್ದರು. ರಿಟೈರಾದ ಮೇಲೆ ಯಾವ ಅಂಗಡಿಯಲ್ಲೂ ಕುರ್ಚಿ ಬರಲಿಲ್ಲ.

ಮನೆಯಲ್ಲಿ ಜನ ಬೇಕಾದಷ್ಟು ಇದ್ದರು, ಹೆಂಡತಿ ಇದ್ದಷ್ಟು ದಿನ. ಬರುವವರು, ಹೋಗುವವರು, ಚೂರು ಸಕ್ಕರೆ ಕೇಳುವವರು, ಗಂಡನ ಮೇಲೆ ದೂರು ಹೇಳಿಕೊಂಡು ಅಳುವವರು. ಸಾಹೇಬರು ಒಳಕೋಣೆಯಲ್ಲಿ ಕೂತು ಗದ್ದಲ ಗದ್ದಲ ಎಂದು ಗೊಣಗುತ್ತಿದ್ದರು. ಆಕೆ ತೀರಿಕೊಂಡ ಮೇಲೆ ಗೊತ್ತಾಯಿತು, ಬರುತ್ತಿದ್ದವರೆಲ್ಲ ಆಕೆಯ ಜನ, ತಮ್ಮವರು ಒಬ್ಬರೂ ಇಲ್ಲ ಎಂದು. ಕೆಲವು ವಾರ ಬಂದರು, ಆಮೇಲೆ ಅವರವರ ಪಾಡಿಗೆ ಅವರು. ಒಂದು ದಿನ ಸಾಹೇಬರು ಹೊರಗೆ ಹೋಗಿ ನಿಂತು ತಮ್ಮ ಮನೆಯ ಕರೆಗಂಟೆಯನ್ನು ತಾವೇ ಒತ್ತಿ ನೋಡಿದರು. ಚೆನ್ನಾಗಿಯೇ ಬಾರಿಸಿತು. ಗಂಟೆಯಲ್ಲಿ ಯಾವ ದೋಷವೂ ಇರಲಿಲ್ಲ.

ಸರಿ, ಸುಳ್ಳು ಹೇಳಿದ್ದಾಯಿತು. ಅದನ್ನು ನಿಜ ಮಾಡಿ ಋಣ ತೀರಿಸಿಕೊಳ್ಳೋಣವೆಂದು ಸಾಹೇಬರು ಮರುದಿನ ಹಾರ್ಡ್‌ವೇರ್ ಅಂಗಡಿಗೆ ಹೋದರು. ಹಿಂದೊಮ್ಮೆ ಇದೇ ಅಂಗಡಿಯವನ ಅಳತೆ ಟೇಪು ಗಿಡ್ಡವಾಗಿದೆಯೆಂದು ವಶಪಡಿಸಿಕೊಂಡಿದ್ದರು. ಅಂಗಡಿಯವನು ಅದನ್ನು ಮರೆತಿರಲಿಲ್ಲ. ನಗುನಗುತ್ತಾ ಬರಮಾಡಿಕೊಂಡ.

"ಸ್ಟೂಲು ಮಾಡ್ಬೇಕು, ಏನೇನ್ ಬೇಕಾಗತ್ತೆ?"

"ಮೊದ್ಲು ಗರಗಸ ಸಾರ್. ಅಡ್ಡ ಕೊಯ್ಯೋಕೊಂದು, ಉದ್ದ ಕೊಯ್ಯೋಕೊಂದು."

"ಒಂದ್ರಲ್ಲೇ ಆಗಲ್ವಾ?"

"ಆಗತ್ತೆ ಸಾರ್, ಆದ್ರೆ ಮರ ಮುನಿಸ್ಕೊಳ್ಳತ್ತೆ. ಆಮೇಲೆ ಉಳಿ, ಒಂದು ಸೆಟ್ಟು. ಉಜ್ಜುಗೊರಡು, ಮರ ನುಣ್ಣಗೆ ಕೀಸೋಕೆ. ಡ್ರಿಲ್ಲು. ಸ್ಯಾಂಡ್‌ಪೇಪರು. ಮತ್ತೆ ಸಾರ್, ನೀವು ಕೊಯ್ಯುವಾಗ ಹಲಗೆ ಹಿಡ್ಕೊಳ್ಳೋಕೆ ಮನೇಲಿ ಯಾರಿದ್ದಾರೆ?"

"ಯಾರೂ ಇಲ್ಲ."

"ಹಾಗಾದ್ರೆ ನಾಲ್ಕು ಕ್ಲ್ಯಾಂಪು ಬರ್ಕೊಳ್ತೀನಿ."

ಆಟೋದಲ್ಲಿ ಸಾಹೇಬರಿಗೆ ಕೂರಲು ಜಾಗ ಉಳಿಯಲಿಲ್ಲ. ಮಡಿಲಲ್ಲಿ ಉಜ್ಜುಗೊರಡು ಇಟ್ಟುಕೊಂಡು, ಎರಡು ಗರಗಸಗಳ ನಡುವೆ ಉಸಿರು ಹಿಡಿದು ಮನೆಗೆ ಬಂದರು. ಎದುರುಮನೆಯ ಟೀಚರಮ್ಮ ಬಾಗಿಲು ತೆರೆದು ನೋಡಿ, "ನಿಜಾನೇ ಅನ್ನಿ ಹಾಗಾದ್ರೆ" ಎಂದರು. ಸುದ್ದಿ ಆಗಲೇ ಮೆಟ್ಟಿಲು ಹತ್ತಿ ಬಂದಿತ್ತು.

ಮರಗೆಲಸದ ವಿಷಯವನ್ನು ಚುಟುಕಾಗಿ ಹೇಳಿಬಿಡಬಹುದು, ಏಕೆಂದರೆ ಅದು ಚುಟುಕಾಗಿಯೇ ಮುಗಿಯಿತು. ಸಾಹೇಬರು ಊಟದ ಮೇಜಿನ ಮೇಲೆ ಹಲಗೆ ಇಟ್ಟು, ಕ್ಲ್ಯಾಂಪುಗಳಿಂದ ಬಿಗಿದು, ಇಲಾಖೆಯ ಶಿಸ್ತಿನಲ್ಲಿ ಗೆರೆ ಎಳೆದು, ಕೊಯ್ಯಲು ನಿಂತರು. ಈ ಮರ ಇಷ್ಟು ಗಟ್ಟಿಯೇ ಎಂದು ಆಶ್ಚರ್ಯಪಡುತ್ತಾ, ಬೆವರು ಒರೆಸಿಕೊಳ್ಳುತ್ತಾ, ಹಲ್ಲು ಕಚ್ಚಿ ಕೊಯ್ದರು. ಕೊನೆಗೆ ತುಂಡು ಧೊಪ್ಪನೆ ಬಿತ್ತು. ಅದರ ಜೊತೆಗೆ ಊಟದ ಮೇಜಿನ ಒಂದು ಮೂಲೆಯೂ ಬಿತ್ತು. ಗೆರೆ ಮಾತ್ರ ಎಲ್ಲೂ ಕೂದಲೆಳೆಯಷ್ಟು ಆಚೀಚೆ ಆಗಿರಲಿಲ್ಲ.

"ಸ್ಟೂಲ್ ಆಯ್ತಾ ಸಾರ್?" ಎಂದು ಟೀಚರಮ್ಮ ಮೆಟ್ಟಿಲಲ್ಲಿ ಕೇಳಿದಾಗ, "ಪಾಲಿಶ್‌ಗೆ ಬಂದಿದೆ" ಎಂದು ಹೇಳಿ ಸಾಹೇಬರು ಮನೆ ಸೇರಿಕೊಂಡರು. ಇನ್ನು ಈ ಸಾಮಾನುಗಳನ್ನು ಸದ್ದಿಲ್ಲದೆ ಸಾಗಹಾಕಬೇಕು. ಮೊಬೈಲಿನಲ್ಲಿ ಹಳೇ ಸಾಮಾನು ಮಾರುವವರ ಪುಟ ಹುಡುಕಿ ಒಂದು ಜಾಹೀರಾತು ಹಾಕಿದರು. 'ಮರಗೆಲಸದ ಸಾಮಾನು ಮಾರಾಟಕ್ಕಿದೆ. ಒಂದೇ ಸಲ ಬಳಸಿದ್ದು.'

ಮರುದಿನ ಸಂಜೆ ಕರೆಗಂಟೆ ಬಾರಿಸಿತು. ಸಾಹೇಬರು ಪೇಪರು ಬಿಸಾಡಿ ಓಡಿದರು.

ಬಂದವರು ಹೊಸದಾಗಿ ಮದುವೆಯಾದ ಜೋಡಿ. ಗೋಡೆಗೆ ಫೋಟೋ ಹಾಕಲು ಡ್ರಿಲ್ಲು ಬೇಕಿತ್ತು. ಸಾಹೇಬರು ಕೂರಿಸಿದರು, ಕಾಫಿ ಮಾಡಿದರು, ಗಡಿಬಿಡಿಯಲ್ಲಿ ಸಕ್ಕರೆ ಎರಡೆರಡು ಸಲ ಹಾಕಿದರು. ಹುಡುಗಿ ಗೋಡೆಯ ಫೋಟೋ ನೋಡಿ, "ಆಂಟೀದಾ ಅಂಕಲ್? ಎಷ್ಟು ಚೆನ್ನಾಗಿ ನಗ್ತಿದ್ದಾರೆ" ಎಂದಳು. ಸಾಹೇಬರು ಹೆಂಡತಿಯ ವಿಷಯ ಹೇಳತೊಡಗಿದರು. ಎಷ್ಟೋ ತಿಂಗಳಿಂದ ಆಕೆಯ ಹೆಸರನ್ನು ಬಾಯಿಬಿಟ್ಟು ಹೇಳಿರಲಿಲ್ಲ, ಹೇಳುತ್ತಾ ಹೇಳುತ್ತಾ ದುಃಖವೂ ಆಯಿತು, ಸುಖವೂ ಆಯಿತು.

"ಡ್ರಿಲ್ ಚೆನ್ನಾಗಿದೆ ಅಂಕಲ್, ತಗೊಳ್ತೀವಿ" ಎಂದು ಹುಡುಗ ಜೇಬಿಗೆ ಕೈ ಹಾಕಿದ.

ಡ್ರಿಲ್ಲು ಹೋದರೆ ಇವರೂ ಹೋಗುತ್ತಾರೆ, ಇನ್ನು ಡ್ರಿಲ್ಲು ಕೇಳಿಕೊಂಡು ಬೇರೆ ಯಾರೂ ಬರುವುದಿಲ್ಲ. ಸಾಹೇಬರಿಗೆ ಅದು ಆ ಕ್ಷಣಕ್ಕೆ ಹೊಳೆಯಿತು.

"ಅದು... ಇನ್ನೊಬ್ರಿಗೆ ಮಾತು ಕೊಟ್ಟಿದ್ದೀನಿ."

"ಮತ್ತೆ ನಮ್ಗೆ ಯಾಕ್ ತೋರಿಸಿದ್ರಿ?"

"ನೋಡ್ಲಿ ಅಂತ."

ಜೋಡಿ ಮುಖ ಮುಖ ನೋಡಿಕೊಂಡು ಎದ್ದು ಹೋಯಿತು. ಸಾಹೇಬರು ಮೂರು ಲೋಟಗಳನ್ನು ನಿಧಾನವಾಗಿ ತೊಳೆದರು. ಬಹಳ ದಿನದ ಮೇಲೆ ಸಿಂಕಿನಲ್ಲಿ ಒಂದಕ್ಕಿಂತ ಹೆಚ್ಚು ಲೋಟ ಬಿದ್ದಿತ್ತು.

ಆಮೇಲೆ ಸಾಹೇಬರು ಹಿಂದೆ ಮುಂದೆ ನೋಡಲಿಲ್ಲ. ಸಾಮಾನನ್ನೆಲ್ಲ ನಡುಮನೆಯಲ್ಲಿ ಜೋಡಿಸಿ ಫೋಟೋ ತೆಗೆದು ಹಾಕಿದರು. ಬೆಲೆಯನ್ನು ನಾಚಿಕೆಯಾಗುವಷ್ಟು ಇಳಿಸಿದರು. ಜನ ಬರತೊಡಗಿತು. ಪಾರಿವಾಳದ ಗೂಡು ಕಟ್ಟುವವನು ಬಂದ. ನಾಟಕದ ಸೀನರಿ ಮಾಡುವವರು ಬಂದರು. ಹಲ್ಲಿನ ಡಾಕ್ಟರೊಬ್ಬರು ಬಂದು ಉಳಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ, ತಮ್ಮ ಕಸುಬಿನಲ್ಲಿ ಇಂಥ ಸ್ವಾತಂತ್ರ್ಯ ಇಲ್ಲವೆಂದು ನಿಟ್ಟುಸಿರು ಬಿಟ್ಟರು. ಇಷ್ಟು ಕಮ್ಮಿ ಬೆಲೆಯೆಂದರೆ ಕದ್ದ ಮಾಲೇ ಇರಬೇಕೆಂದು ಜಗಳಕ್ಕೇ ಒಬ್ಬ ಬಂದ, ಅವನಿಗೂ ಕಾಫಿ ಸಿಕ್ಕಿತು.

ಎಲ್ಲರಿಗೂ ಕಾಫಿ, ಯಾರಿಗೂ ಸಾಮಾನಿಲ್ಲ. "ಈ ಉಳಿ ನಿಮ್ಮ ಕೈಗೆ ಚಿಕ್ಕದಾಗತ್ತೆ" ಎನ್ನುವರು. "ಗರಗಸ ಇನ್ನೂ ಎಳೇದು, ಸ್ವಲ್ಪ ದಿನ ಹೋಗ್ಲಿ" ಎನ್ನುವರು. "ಕ್ಲ್ಯಾಂಪು ನಾಲ್ಕೂ ಒಟ್ಟಿಗೇ ಬೆಳೆದವು, ಅಗಲಿಸೋಕೆ ಮನಸ್ಸು ಬರಲ್ಲ" ಎಂದೂ ಒಮ್ಮೆ ಅಂದರು. ತೋರಿಸಿದ ಮಾಲು ಕೊಡದ ಅಂಗಡಿಯವರ ಮೇಲೆ ದಯೆದಾಕ್ಷಿಣ್ಯವಿಲ್ಲದೆ ಕೇಸು ಜಡಿದಿದ್ದ ಮನುಷ್ಯ ಇವರೇ.

ಒಂದು ಗುರುವಾರ ಕಂಡಕ್ಟರು ಬಂದರು. ಇವರೂ ರಿಟೈರಾದವರೇ, ಸರ್ವೀಸು ಪೂರ್ತಿ ಸಿಟಿ ಬಸ್ಸಿನಲ್ಲಿ. ಕೂರುವ ಮೊದಲೇ ವಿಷಯ ಹೇಳಿದರು.

"ಉಜ್ಜುಗೊರಡು ಇದೆಯಂತೆ ಸಾರ್. ನಮ್ಮನೆ ಬಾಗಿಲು ಹಿಡಿಯತ್ತೆ. ಒಳಗೆ ಹೋಗ್ಬೇಕಂದ್ರೆ ಭುಜ ಕೊಟ್ಟು ತಳ್ಳಬೇಕು. ಅಂಚು ಒಂಚೂರು ಕೀಸಿದ್ರೆ ಸರಿಹೋಗತ್ತೆ."

ಸಾಹೇಬರು ಉಜ್ಜುಗೊರಡು ತಂದು ಕೊಟ್ಟರು. ಕಂಡಕ್ಟರು ಅದನ್ನು ಮಗುವಿನ ಹಾಗೆ ಎತ್ತಿಕೊಂಡು ತಿರುಗಿಸಿ ನೋಡಿದರು. ಹಿಡಿ ಸ್ವಲ್ಪ ಎಡಕ್ಕಿದೆ ಎಂದರು. ಸ್ವಲ್ಪ ಬಿಟ್ಟು ಹೇಳಿ ಎಂದರು. ಸಾಹೇಬರು ಒಂದೇ ಮಾತು ಎಂದರು. ಕಾಫಿ ಬಂತು, ಇನ್ನೊಂದು ಕಾಫಿಯೂ ಬಂತು.

"ಹಾಗಾದ್ರೆ ಯೋಚನೆ ಮಾಡಿ ಹೇಳ್ತೀನಿ ಸಾರ್."

ಮುಂದಿನ ಗುರುವಾರ ಮತ್ತೆ ಬಂದರು.

"ಯೋಚನೆ ಆಯ್ತಾ?"

"ಅರ್ಧ ಆಗಿದೆ ಸಾರ್."

ಸಾಹೇಬರಿಗೆ ಇಂಥ ಗಿರಾಕಿ ಹಿಂದೆಂದೂ ಸಿಕ್ಕಿರಲಿಲ್ಲ. ಬೇರೆಯವರಿಗೆ ಕೊಡದಿರಲು ಸುಳ್ಳು ಹೊಸೆಯಬೇಕಿತ್ತು, ಈ ಪುಣ್ಯಾತ್ಮ ತಾನಾಗಿಯೇ ಕೊಳ್ಳುತ್ತಿರಲಿಲ್ಲ. ಇವರು ಹೇಳುವ ಬೆಲೆಗೂ ಅವರು ಕೇಳುವ ಬೆಲೆಗೂ ನಡುವೆ ಉಳಿದದ್ದು ಒಂದು ಲೋಟ ಕಾಫಿಯ ದುಡ್ಡು. ಅದನ್ನು ತೀರ್ಮಾನಿಸಲು ಇಬ್ಬರೂ ಸೇರಿ ಕೊಡಗಟ್ಟಲೆ ಕಾಫಿ ಕುಡಿದರು. ಒಮ್ಮೆ ಮಾತಿನ ಭರದಲ್ಲಿ ಸಾಹೇಬರು, "ಹೋಗ್ಲಿ, ನಿಮ್ಮ ರೇಟಿಗೇ ತಗೊಳ್ಳಿ" ಎಂದುಬಿಟ್ಟಾಗ ಕಂಡಕ್ಟರ ಮುಖದ ಬಣ್ಣವೇ ಹೋಯಿತು. "ಛೆ ಛೆ, ಆತುರ ಬೇಡಿ ಸಾರ್. ನೀವಿನ್ನೂ ಇಳಿಸೋ ಹಾಗೆ ಕಾಣತ್ತೆ, ಕಾಯ್ತೀನಿ" ಎಂದರು. ಇನ್ನೊಮ್ಮೆ ಅವರೇ ಮೈಮರೆತು ಒಪ್ಪಿಕೊಂಡಾಗ ಸಾಹೇಬರು, "ನಿನ್ನೆಯಿಂದ ರೇಟು ಏರಿದೆ" ಎಂದು ಅವರನ್ನು ಕಾಪಾಡಿದರು.

ಮಾತಿಗೆ ಬರವಿರಲಿಲ್ಲ. ಸಾಹೇಬರು ತಕ್ಕಡಿಯ ತಳಕ್ಕೆ ಹುಣಸೆಹಣ್ಣು ಮೆತ್ತುತ್ತಿದ್ದ ಕಿಲಾಡಿಗಳ ಕಥೆ ಹೇಳುವರು. ಕಂಡಕ್ಟರು ಟಿಕೆಟ್ ತಪ್ಪಿಸಲು ನಿದ್ದೆ ನಟಿಸುತ್ತಿದ್ದವರ ಕಥೆ ಹೇಳುವರು. ಒಂದು ಗುರುವಾರ ನಗು ನಿಂತ ಮೇಲೆ ಕಂಡಕ್ಟರು ಲೋಟದೊಳಗೆ ನೋಡುತ್ತಾ ಅಂದರು, "ಸರ್ವೀಸೆಲ್ಲ ಜನಕ್ಕೆ ಮುಂದೆ ಹೋಗಿ, ಮುಂದೆ ಹೋಗಿ ಅಂತ ಕೂಗಿದ್ದೇ ಕೂಗಿದ್ದು. ಎಲ್ರೂ ಹೋಗ್ಬಿಟ್ರು ಸಾರ್."

ಸಾಹೇಬರು ಎದ್ದರು. ಒಳಗೆ ಹೋಗಿ ಇನ್ನೊಂದು ಸಲ ಹಾಲು ಕಾಯಿಸಿದರು.

ಇಷ್ಟಾಗಿಯೂ ಒಬ್ಬರ ಹೆಸರು ಒಬ್ಬರು ಕೇಳಿರಲಿಲ್ಲ. ಸಾಹೇಬರ ಮೊಬೈಲಿನಲ್ಲಿ ಅವರ ನಂಬರು 'ಉಜ್ಜುಗೊರಡು' ಎಂದೇ ಇತ್ತು. ವ್ಯಾಪಾರದಲ್ಲಿ ಹೆಸರು ಕೇಳುವುದು ಯಾಕೆ, ಅತಿಯಾಗುತ್ತದೆ ಎಂದು ಸಾಹೇಬರ ಅಳುಕು.

ಇನ್ನು ಎದುರುಮನೆಗೆ ಬರೋಣ. ಟೀಚರಮ್ಮ ಶಾಲೆಯಲ್ಲಿ ಲೆಕ್ಕ ಕಲಿಸುವವರು. ಗುರುತು ಪರಿಚಯವಿಲ್ಲದ ಜನ ಸಾಹೇಬರ ಮನೆಗೆ ಹೋಗುತ್ತಾರೆ, ತುಂಬಾ ಹೊತ್ತು ಒಳಗಿರುತ್ತಾರೆ, ಬರಿಗೈಯಲ್ಲಿ ಹೊರಬಂದು ತಲೆ ಆಡಿಸುತ್ತಾ ಇಳಿದುಹೋಗುತ್ತಾರೆ. ಹೊಸ ಜೋಡಿ, ಡಾಕ್ಟರು, ಎಲ್ಲ ಬಗೆಯವರೂ. ಟೀಚರಮ್ಮ ಕೂಡಿಸಿ ಕಳೆದು ಉತ್ತರ ತೆಗೆದರು. ಸಾಹೇಬರು ಮನೆ ಮಾರುತ್ತಿದ್ದಾರೆ!

ಇದು ಕಿವಿಗೆ ಬಿದ್ದದ್ದೇ ತಡ, ಸೆಕ್ರೆಟರಿ ಲಿಫ್ಟಿನ ಬಳಿ ಸಾಹೇಬರನ್ನು ಹಿಡಿದರು. ಸಂಘಕ್ಕೆ ತಿಳಿಸದೆ ಮನೆ ಮಾರುವುದೆಂದರೇನು ಎಂದು ಅವರಿಗೆ ಒಳಗೊಳಗೇ ಕುದಿತ. ಆದರೂ ನೇರವಾಗಿ ಕೇಳಲು ಸಂಕೋಚ.

"ಬಹಳ ಜನ ಬಂದು ನೋಡ್ಕೊಂಡ್ ಹೋಗ್ತಿದ್ದಾರಂತೆ ಸಾರ್?"

ಮರಗೆಲಸದ ಗುಟ್ಟು ರಟ್ಟಾಯಿತೆಂದು ಸಾಹೇಬರು ಬೆವರಿದರು. "ಹೌದು" ಎಂದರು.

"ಇದ್ದಕ್ಕಿದ್ದ ಹಾಗೆ ಯಾಕ್ ಸಾರ್?"

"ಇಟ್ಕೊಂಡು ಏನ್ ಮಾಡ್ಲಿ? ಒಬ್ನೇ."

"ರೇಟು?"

"ತೀರಾ ಕಮ್ಮಿ ಹೇಳಿದ್ದೀನಿ. ದುಡ್ಡಿಗೋಸ್ಕರ ಅಲ್ಲ."

ಸೆಕ್ರೆಟರಿಗೆ ದಿಗಿಲಾಯಿತು. ಒಬ್ಬರು ಕಮ್ಮಿಗೆ ಮಾರಿದರೆ ಇಡೀ ಕಟ್ಟಡದ ಮಾನ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಒಂಟಿ ಮನುಷ್ಯ ಮನೆಯನ್ನು ಪುಕ್ಕಟೆಯಂತೆ ಕೊಟ್ಟು ಎಲ್ಲಿಗೆ ಹೊರಟ? ಆ ದಿನವೇ ಸಾಹೇಬರ ತಂಗಿಗೆ ಫೋನು ಮಾಡಿ, ನಿಮ್ಮಣ್ಣನಿಗೆ ಯಾಕೋ ಬದುಕಿನ ಮೇಲೆ ಬೇಜಾರು ಬಂದಿದೆ, ಆಸ್ತಿ ವಿಲೇವಾರಿ ಶುರುವಾಗಿದೆ ಎಂದು ತಿಳಿಸಿದರು.

ಗುರುವಾರ ಸಂಜೆ ಸಾಹೇಬರು ಕಂಡಕ್ಟರಿಗಾಗಿ ಡಿಕಾಕ್ಷನ್ ಇಳಿಸುತ್ತಿದ್ದರು. ಗಂಟೆ ಬಾರಿಸಿತು. ಬಾಗಿಲು ತೆರೆದರೆ ತಂಗಿ. ಒಳಗೆ ಕಾಲಿಡುತ್ತಲೇ ಅಣ್ಣನನ್ನು ತಬ್ಬಿಕೊಂಡು ಗೊಳೋ ಎಂದಳು.

"ಎಲ್ಲಿಗೆ ಹೋಗ್ತಿದ್ದೀಯೋ ಅಣ್ಣ ನಮ್ಮನ್ನೆಲ್ಲ ಬಿಟ್ಟು?"

"ಎಲ್ಲಿಗೂ ಇಲ್ಲ. ಹಾಲು ತರೋಕೆ ಹೋಗಿದ್ದೆ, ಬಂದೆ."

ಅವಳ ಹಿಂದೆ ಗಂಡ. ಹರಾಜು ಕಂಪನಿಯಲ್ಲಿ ಕೂಗುವ ಕೆಲಸ ಅವನದು. ಮನೆಯಲ್ಲೂ ಮಾತಾಡಿದರೆ ನಾಲ್ಕು ಮನೆಗೆ ಕೇಳುತ್ತದೆ. "ಭಾವ, ಮಾರೋದಿದ್ರೆ ನನಗೊಂದು ಮಾತು ಹೇಳಬಾರ್ದಾ?" ಎಂದು ಕೂಗಿದ. ಆ ಕೂಗಿಗೆ ಟೀಚರಮ್ಮ ಬಂದರು, ಸೆಕ್ರೆಟರಿ ಬಂದರು. ಅವರ ಹಿಂದೆಯೇ ಬಗಲಲ್ಲಿ ಫೈಲು ಹಿಡಿದ ಒಬ್ಬರು ಬಂದು, ತಾವು ಲೈಸೆನ್ಸ್ ಇನ್‌ಸ್ಪೆಕ್ಟರು, ವಾಸದ ಮನೆಯಲ್ಲಿ ಪರವಾನಗಿ ಇಲ್ಲದೆ ಅಂಗಡಿ ನಡೆಯುತ್ತಿದೆಯೆಂದು ಯಾರೋ ದೂರು ಕೊಟ್ಟಿದ್ದಾರೆ ಎಂದರು. ಸಾಹೇಬರು ಅಭ್ಯಾಸಬಲದಿಂದ ಎಲ್ಲರಿಗೂ ಕಾಫಿಗೆ ನೀರಿಟ್ಟರು. ಮನೆ ಇಷ್ಟು ತುಂಬಿ ಎಷ್ಟು ಕಾಲವಾಗಿತ್ತು! ಈ ಆಪತ್ತಿನಲ್ಲೂ ಅವರಿಗೆ ಒಂದು ಗಳಿಗೆ ಖುಷಿಯೇ ಆಯಿತು.

"ಅಂಗಡಿ ಅಲ್ಲ, ಮನೆ ಮಾರ್ತಿದ್ದಾರೆ" ಎಂದರು ಸೆಕ್ರೆಟರಿ.

"ಮನೆ ಅಲ್ಲ. ಇವು" ಎಂದು ಸಾಹೇಬರು ಮೂಲೆ ತೋರಿಸಿದರು. ಗರಗಸ, ಉಳಿ, ಡ್ರಿಲ್ಲು, ಕ್ಲ್ಯಾಂಪು, ಉಜ್ಜುಗೊರಡು ಸಾಲಾಗಿ ಕೂತಿದ್ದವು. ಮೂಲೆ ಇಲ್ಲದ ಊಟದ ಮೇಜೂ ಎಲ್ಲರ ಕಣ್ಣಿಗೆ ಬಿತ್ತು. ಟೀಚರಮ್ಮ ಅದನ್ನು ನೋಡಿ, ಸೆಕ್ರೆಟರಿಯನ್ನು ನೋಡಿ, ಸೆರಗು ಬಾಯಿಗಿಟ್ಟುಕೊಂಡರು.

ಅಷ್ಟರಲ್ಲಿ ಕಂಡಕ್ಟರು ಬಂದರು. ಹೊಸ್ತಿಲಲ್ಲೇ ಗುಂಪು ಕಂಡು ಹಿಂದೆ ಸರಿದರು. ಹರಾಜಿನವನು ಕೈ ಹಿಡಿದು ಒಳಗೆಳೆದ.

"ಇವ್ರು ಯಾರು?"

"ಗಿರಾಕಿ" ಎಂದರು ಸಾಹೇಬರು.

"ಎಷ್ಟು ದಿನದಿಂದ ಬರ್ತಿದ್ದಾರೆ?" ಇನ್‌ಸ್ಪೆಕ್ಟರು ಫೈಲು ಬಿಚ್ಚಿದರು.

"ಪ್ರತಿ ಗುರುವಾರ" ಎಂದರು ಟೀಚರಮ್ಮ.

"ನೋಡಿ ಸಾರ್, ನೀವೂ ಸರ್ಕಾರಿ ಕೆಲಸ ಮಾಡಿದೋರು. ನಿಮ್ಮ ಸ್ವಂತ ಸಾಮಾನು ಮಾರಿ ಮುಗಿಸಿದ್ರೆ ನಂದೇನೂ ಇಲ್ಲ. ಆದ್ರೆ ತಿಂಗಳುಗಟ್ಟಲೆ ಇಟ್ಕೊಂಡು ದಿನಾ ಜನಕ್ಕೆ ತೋರಿಸ್ತಿದ್ರೆ ಅದನ್ನ ಅಂಗಡಿ ಅಂತಾರೆ. ಮಾರಾಟಕ್ಕಿದೆ ಅಂತೀರಿ, ಕೊಡಲ್ಲ ಅಂತೀರಿ. ಯಾಕೆ?"

"ಹೌದು ಅಣ್ಣ, ಯಾಕೆ?" ಎಂದಳು ತಂಗಿ.

ಎಲ್ಲರೂ ಸಾಹೇಬರನ್ನೇ ನೋಡಿದರು. ಕಾರಣ ಗಂಟಲ ತನಕ ಬಂದಿತ್ತು. ಜನ ಬರಲಿ ಅಂತ. ಕೊಟ್ಟುಬಿಟ್ಟರೆ ಯಾರೂ ಬರುವುದಿಲ್ಲ ಅಂತ. ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ಆದರೆ ಆ ನಡುಮನೆಯ ತುಂಬಾ ಅಯ್ಯೋ ಪಾಪ ತಯಾರಾಗಿ ನಿಂತಿತ್ತು. ಸಾಹೇಬರು ಕಾಫಿ ಲೋಟಗಳ ಕಡೆ ತಿರುಗಿದರು.

"ರೇಟು ಕುದುರ್ಲಿಲ್ಲ."

"ಅಷ್ಟೇ ತಾನೇ!" ಎಂದು ಹರಾಜಿನವನು ಅಂಗಿಯ ತೋಳು ಮಡಿಚಿದ. ಜೀವಮಾನ ಪೂರ್ತಿ ಅವನು ಕಾದಿದ್ದ ಕೌಟುಂಬಿಕ ಸಂದರ್ಭ ಅದು. ಕಂಡಕ್ಟರ ಕೈಗೆ ಉಜ್ಜುಗೊರಡು ತುರುಕಿದ. "ನೀವೆಷ್ಟು ಕೇಳಿದ್ರಿ? ಭಾವ, ನೀವೆಷ್ಟು ಹೇಳಿದ್ರಿ? ಅಯ್ಯೋ, ಇಷ್ಟಕ್ಕಾ? ಇಬ್ರೂ ನಡುವಿನ ರೇಟಿಗೆ ಬನ್ನಿ. ಒಂದ್ಸಲ!"

ಸಾಹೇಬರು ಕಂಡಕ್ಟರ ಮುಖ ನೋಡಿದರು. ಬೇಡ ಎನ್ನಿ, ಹಿಡಿ ಎಡಕ್ಕಿದೆ ಎನ್ನಿ ಎಂದು ಕಣ್ಣಲ್ಲೇ ಬೇಡಿಕೊಂಡರು. ಕಂಡಕ್ಟರೂ ಸಾಹೇಬರನ್ನೇ ನೋಡುತ್ತಿದ್ದರು.

"ಎರಡ್ಸಲ!"

ಪಾಪ, ಅವರ ಮನೆ ಬಾಗಿಲು ಹಿಡಿಯುತ್ತದೆ, ಎಷ್ಟು ದಿನ ಭುಜ ಕೊಟ್ಟು ತಳ್ಳುತ್ತಾರೆ, ನನ್ನ ಸ್ವಾರ್ಥಕ್ಕೆ ಇನ್ನೆಷ್ಟು ಕಾಯಿಸಲಿ ಎಂದು ಸಾಹೇಬರಿಗೆ ನಾಚಿಕೆಯಾಯಿತು. "ಕೊಟ್ಟೆ" ಎಂದರು. "ತಗೊಂಡೆ" ಎಂದರು ಕಂಡಕ್ಟರು. ಅವರ ದನಿ ಎಷ್ಟು ಸಣ್ಣದಾಗಿತ್ತೆಂದರೆ, ಬಸ್ಸಿನಲ್ಲಿ ಅದೇ ದನಿಯಲ್ಲಿ ಕೂಗಿದ್ದರೆ ಒಬ್ಬನೂ ಮುಂದೆ ಹೋಗುತ್ತಿರಲಿಲ್ಲ.

"ಮೂರ್ಸಲ!"

ಆಮೇಲೆ ಎಲ್ಲ ಚಕಚಕನೆ ಆಯಿತು. ಡ್ರಿಲ್ಲು ಸೆಕ್ರೆಟರಿಗೆ. ಕ್ಲ್ಯಾಂಪು ಟೀಚರಮ್ಮನಿಗೆ, ಯಾತಕ್ಕೆಂದು ಅವರಿಗೇ ತಿಳಿಯದು, ಕಮ್ಮಿ ಬೆಲೆಯೆಂದು ತೆಗೆದುಕೊಂಡರು. ಗರಗಸ ಎರಡನ್ನೂ ಇನ್‌ಸ್ಪೆಕ್ಟರು ತಾವೇ ಕೊಂಡು, ಫೈಲಿನಲ್ಲಿ 'ಸ್ಥಳದಲ್ಲಿ ಅಂಗಡಿ ಕಂಡುಬಂದಿಲ್ಲ' ಎಂದು ಬರೆದರು. ಉಳಿಗಳನ್ನು ತಂಗಿ ಡಬ್ಬದ ಮುಚ್ಚಳ ಮೀಟಲು ಬ್ಯಾಗಿಗೆ ಹಾಕಿಕೊಂಡಳು. ಹರಾಜಿನವನು ಭಾವನ ಮೊಬೈಲು ತೆಗೆದು ಜಾಹೀರಾತನ್ನೂ ಅಳಿಸಿಹಾಕಿದ. "ಇನ್ನು ಯಾರ ಕಾಟವೂ ಇಲ್ಲ, ನೆಮ್ಮದಿಯಾಗಿರಿ" ಎಂದು ಬೆನ್ನು ತಟ್ಟಿದ.

ಕಂಡಕ್ಟರು ಯಾವಾಗ ಹೋದರೋ ಸಾಹೇಬರು ನೋಡಲಿಲ್ಲ. ಅವರ ಲೋಟದಲ್ಲಿ ಕಾಫಿ ಹಾಗೇ ಇತ್ತು.

ತಂಗಿ ಊರಿಗೆ ಬಾ ಎಂದು ಕರೆದಳು, ಬರ್ತೀನಿ ನೋಡೋಣ ಎಂದರು. ಎಲ್ಲರೂ ಹೋದರು. ಮಾರನೆಯ ದಿನದಿಂದ ಆ ಮನೆಗೆ ಹರಾಜಿನವನು ಹರಸಿದ ನೆಮ್ಮದಿ ಬಂತು. ಅಂಥ ನೆಮ್ಮದಿ ಯಾರಿಗೂ ಬೇಡ. ಫ್ಯಾನು ತಿರುಗುವ ಸದ್ದು, ಎದುರುಮನೆಯ ಕುಕ್ಕರ್ ಕೂಗು, ಮೆಟ್ಟಿಲಲ್ಲಿ ಯಾರದೋ ಚಪ್ಪಲಿ ಸದ್ದು. ಸಾಹೇಬರು ಆ ಚಪ್ಪಲಿ ತಮ್ಮ ಬಾಗಿಲು ದಾಟಿ ಮೇಲೆ ಹೋಗುವ ತನಕ ಕಿವಿಗೊಟ್ಟು ಕೂರುತ್ತಿದ್ದರು. ಗುರುವಾರ ಬಂತು. ಕೈ ತಪ್ಪಿ ಇಬ್ಬರಿಗೆ ಕಾಫಿ ಮಾಡಿ, ಎರಡನ್ನೂ ತಾವೇ ಕುಡಿದರು. ಅಳು ಬಂತು. ಕಾಫಿ ಕಹಿಯಾಗಿದೆ ಎಂದು ಸಕ್ಕರೆ ಡಬ್ಬಕ್ಕೆ ಕೈ ಹಾಕಿದರು.

ಇನ್ನೊಂದು ಗುರುವಾರ ಹೀಗೆ ಕಳೆಯುವುದು ಆಗದ ಮಾತು. ಫೋನು ಮಾಡಬಹುದು, ಆದರೆ ಏನೆಂದು ಮಾಡುವುದು? ಕೆಲಸವಿಲ್ಲದೆ ಯಾರಿಗೂ ಫೋನು ಮಾಡಿ ಗೊತ್ತಿದ್ದರೆ ತಾನೇ. ಕೊನೆಗೆ ಗಿರಾಕಿಯ ಹಿತ ಕಾಯುವುದು ತಮ್ಮ ಇಲಾಖೆಯ ಧರ್ಮವೆಂದು ಮನಸ್ಸು ಗಟ್ಟಿ ಮಾಡಿ 'ಉಜ್ಜುಗೊರಡು' ಒತ್ತಿದರು.

"ಬಾಗಿಲು ಸರಿಹೋಯ್ತಾ?"

"ಹೋಯ್ತು ಸಾರ್."

"ಈಗ ಹಿಡಿಯಲ್ಲ?"

"ಹಿಡಿಯಲ್ಲ ಸಾರ್."

"ಸಂತೋಷ" ಎಂದು ಸಾಹೇಬರು ಫೋನು ಇಟ್ಟರು. ವ್ಯವಹಾರ ಮುಗಿದಿತ್ತು. ಇನ್ನು ಕೇಳುವುದಕ್ಕೆ ಒಂದು ಬಾಗಿಲೂ ಉಳಿದಿರಲಿಲ್ಲ.

ಹರಾಜಿನಲ್ಲಿ ಸ್ಯಾಂಡ್‌ಪೇಪರಿನ ಕಟ್ಟೊಂದು ಸೋಫಾ ಕೆಳಗೆ ಉಳಿದುಹೋಗಿದ್ದು ಮರುದಿನ ಕಸ ಗುಡಿಸುವಾಗ ಸಿಕ್ಕಿತು. ಸಾಹೇಬರಿಗೆ ಜೀವ ಬಂದಂತಾಯಿತು. ಕೀಸಿದ ಬಾಗಿಲಿಗೆ ಸ್ಯಾಂಡ್‌ಪೇಪರು ಉಜ್ಜದಿದ್ದರೆ ಹೇಗೆ? ಇದು ಗಿರಾಕಿಗೆ ಸಲ್ಲಬೇಕಾದದ್ದು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಟ್ಟನ್ನು ಜೇಬಿಗೆ ತುರುಕಿ ಹೊರಟರು. ಹಳೇ ಬಸ್ ಡಿಪೋ ಹಿಂದಿನ ಸಾಲಿನಲ್ಲಿ ಕೊನೆಯದು ತಮ್ಮ ಮನೆಯೆಂದು ಕಂಡಕ್ಟರು ಮಾತಿನ ನಡುವೆ ಹೇಳಿದ್ದರು.

ಡಿಪೋ ಹಿಂದಿನ ಸಾಲು ಮನೆಗಳದ್ದಾಗಿರಲಿಲ್ಲ, ಮಳಿಗೆಗಳದ್ದು. ಟೈರಿಗೆ ಪಂಕ್ಚರ್ ಹಾಕುವ ಮಳಿಗೆ, ಸಿಮೆಂಟ್ ಚೀಲದ ಮಳಿಗೆ, ಬಾಗಿಲು ಹಾಕಿದ ಕೆಲವು ಮಳಿಗೆ. ಸಾಹೇಬರು ಈ ತುದಿಯಿಂದ ಆ ತುದಿಗೆ ಮರದ ಬಾಗಿಲು ಹುಡುಕಿದರು. ಮತ್ತೆ ಆ ತುದಿಯಿಂದ ಈ ತುದಿಗೆ ಹುಡುಕಿದರು. ಎಲ್ಲೆಲ್ಲೂ ಕಬ್ಬಿಣದ ರೋಲಿಂಗ್ ಶಟರು.

"ಇಲ್ಲಿ ಕಂಡಕ್ಟರ್ ಮನೆ?"

"ಆ ಕೊನೇ ಶಟರು ಸಾರ್" ಎಂದ ಪಂಕ್ಚರಿನವನು.

ಅದು ಅರ್ಧ ಎತ್ತಿತ್ತು. ಸಾಹೇಬರು ಬಗ್ಗಿ ನೋಡಿದರು. ಒಂದು ಮಂಚ, ಒಂದು ಕುರ್ಚಿ, ಸ್ಟೋವು. ಗೂಡಿನಲ್ಲಿ ಉಜ್ಜುಗೊರಡು, ಕೊಟ್ಟ ದಿನದ ಹಾಗೆಯೇ, ಒಂದು ಎಳೆ ಮರವನ್ನೂ ಕೀಸದೆ ಕೂತಿತ್ತು. ಕಂಡಕ್ಟರು ಬನಿಯನ್ನಿನಲ್ಲಿ ಓಡಿಬಂದು, ಶಟರಿನ ಅಡಿಯಿಂದ ನುಸುಳಿ, ಎದ್ದು ನಿಂತು, ಅಂಗಿ ಇಲ್ಲವೆಂದು ನೆನಪಾಗಿ ಕೈ ಕಟ್ಟಿಕೊಂಡರು.

"ಬಾಗಿಲೆಲ್ಲಿ?" ಎಂದರು ಸಾಹೇಬರು.

"ಇದೇ ಸಾರ್."

"ಇದು ಕಬ್ಬಿಣ."

"ಹೌದು ಸಾರ್."

"ಹಿಡಿಯತ್ತಾ?"

"ಇಲ್ಲ ಸಾರ್. ಎಣ್ಣೆ ಬಿಟ್ಟಿದ್ದೀನಿ, ಸಲೀಸಾಗಿ ಹೋಗತ್ತೆ."

ತೂಕ ಅಳತೆಯಲ್ಲಿ ಮೋಸ ಮಾಡುವವರನ್ನು ಹಿಡಿಯುವುದೇ ಕೆಲಸವಾಗಿದ್ದ ಮನುಷ್ಯನ ಎದುರು ಒಬ್ಬ ಪಕ್ಕಾ ಮೋಸಗಾರ ತಲೆ ತಗ್ಗಿಸಿ ನಿಂತಿದ್ದ. ಸಾಹೇಬರಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಮೈ ಹಗುರಾಗಿ, ಕಣ್ಣು ಮಂಜಾಗಿ, ಶಟರನ್ನೇ ಒಂದು ಸಲ ಮುಟ್ಟಿ ನೋಡಿದರು.

"ನಂಗೂ ಮಾರೋ ಮನಸ್ಸಿರ್ಲಿಲ್ಲ" ಎಂದರು.

"ಗೊತ್ತಿತ್ತು ಸಾರ್."

"ಮತ್ತೆ ಯಾಕ್ ತಗೊಂಡ್ರಿ?"

"ಆ ಇನ್‌ಸ್ಪೆಕ್ಟರು ನಿಮ್ಮ ತಲೆ ಮೇಲೆ ನಿಂತಿದ್ರಲ್ಲ ಸಾರ್. ಬೇಡ ಅಂದ್ರೆ ನಿಮ್ಗೇ ತೊಂದ್ರೆ. ನೀವ್ಯಾಕ್ ಕೊಟ್ರಿ?"

"ನಿಮ್ಮ ಬಾಗಿಲು ಹಿಡಿಯತ್ತಲ್ಲ ಅಂತ."

ಪಂಕ್ಚರಿನವನು ಟೈರು ಬಿಟ್ಟು ಇವರನ್ನೇ ನೋಡುತ್ತಿದ್ದ. ಕಂಡಕ್ಟರು ಕೆಮ್ಮಿದರು. ಬಂದವರನ್ನು ಏನು ಎತ್ತ ಎಂದು ಕೇಳುವುದು ಮರ್ಯಾದೆ.

"ಏನ್ ಬಂದ್ರಿ ಸಾರ್, ಇಷ್ಟು ದೂರ?"

ಸಾಹೇಬರ ಕೈ ಜೇಬಿನೊಳಗೆ ಸ್ಯಾಂಡ್‌ಪೇಪರಿನ ಕಟ್ಟಿನ ಮೇಲಿತ್ತು. ಅದನ್ನು ಅಲ್ಲೇ ಬಿಟ್ಟು ಬರಿಗೈ ಹೊರತೆಗೆದರು.

"ಏನಿಲ್ಲ. ಸುಮ್ನೆ ಬಂದೆ."

ಕಂಡಕ್ಟರು ಕಟ್ಟಿಕೊಂಡ ಕೈ ಬಿಚ್ಚಿದರು. ಆಮೇಲೆ ಎರಡೂ ಕೈಯಿಂದ ಶಟರು ಹಿಡಿದು, ಡಿಪೋ ಅದುರುವ ಹಾಗೆ ದಡದಡನೆ ಪೂರ್ತಿ ಮೇಲೆತ್ತಿದರು.

"ಬನ್ನಿ ಸಾರ್, ಒಳಗೆ ಬನ್ನಿ. ಒಂದೇ ಕುರ್ಚಿ ಇರೋದು. ನೀವು ಕೂತ್ಕೊಳ್ಳಿ, ನಂಗೆ ನಿಂತ್ಕೊಂಡೇ ಅಭ್ಯಾಸ."

ಸಾಹೇಬರು ಕೂತರು.